ಗೌನು, ಕಿರೀಟ ಆಮೇಲೆ, ಮೊದಲು ಗೋಧಿ

ನಮಸ್ಕಾರ ಎಲ್ಲರಿಗೂ.

ಅಮೆರಿಕದ ಸಿರಿವಂತರ ಹೆಣ್ಣುಮಕ್ಕಳು ಇಂಗ್ಲೆಂಡಿನ ಡ್ಯೂಕು, ಲಾರ್ಡುಗಳ ಮನೆ ಸೊಸೆಯರಾದ ಕಥೆಯನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಅದರಲ್ಲಿ ಮೊದಲು ಬರುವುದು ಗೌನು, ಕಿರೀಟ, ಅರಮನೆಯ ಮೆಟ್ಟಿಲು. ನಾನು ಗೋಧಿಯಿಂದ ಶುರು ಮಾಡುತ್ತೇನೆ. ಈ ಮದುವೆಗಳ ಬೇರು ಇರುವುದು ಅಲ್ಲೇ.

1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಒಂದು ಕ್ವಾರ್ಟರ್ ಗೋಧಿಗೆ 50 ಶಿಲ್ಲಿಂಗಿಗಿಂತ ಜಾಸ್ತಿ ಸಿಗುತ್ತಿತ್ತು. ಕ್ವಾರ್ಟರ್ ಅಂದರೆ ಎರಡು ಕ್ವಿಂಟಾಲಿಗಿಂತ ತುಸು ಹೆಚ್ಚು. 1894ಕ್ಕೆ ಬೆಲೆ 23 ಶಿಲ್ಲಿಂಗಿಗೆ ಕುಸಿಯಿತು. ಕಾರಣ ಅಮೆರಿಕ. ಅಲ್ಲಿನ ಬಯಲುಗಳಲ್ಲಿ ಬೆಳೆದ ಗೋಧಿ ರೈಲಿನಲ್ಲಿ ಬಂದರಿಗೆ ಬಂತು, ಉಗಿ ಹಡಗಿನಲ್ಲಿ ಸಮುದ್ರ ದಾಟಿತು, ಇಂಗ್ಲೆಂಡಿನ ಸಂತೆಯಲ್ಲಿ ಅಗ್ಗಕ್ಕೆ ಮಾರಾಟವಾಯಿತು. ಬೆಳೆಗೆ ಬೆಲೆ ಇಲ್ಲದ ಮೇಲೆ ಗೇಣಿದಾರ ಗೇಣಿ ಎಲ್ಲಿಂದ ಕೊಡುತ್ತಾನೆ? ಗೇಣಿಯನ್ನೇ ನಂಬಿ ಬದುಕಿದ್ದ ದೊಡ್ಡ ಮನೆತನಗಳ ಕೈ ಖಾಲಿಯಾಯಿತು.

ಹೊರಗೆ ತಳುಕು, ಒಳಗೆ ಹುಳುಕು. ಮಾರ್ಲ್‌ಬರೊ ಡ್ಯೂಕರ ಬ್ಲೆನಿಮ್ ಅರಮನೆಯನ್ನೇ ನೋಡಿ. ಅಲ್ಲಿನ ಹೆಸರಾಂತ ಗ್ರಂಥಾಲಯವನ್ನು ಹರಾಜು ಹಾಕಿದರು. 1885ರಲ್ಲಿ ರಾಫೆಲ್ ಬರೆದ ಮಡೋನಾ ಚಿತ್ರವನ್ನು 70,000 ಪೌಂಡಿಗೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಮಾರಿದರು. ಇಷ್ಟೆಲ್ಲ ಮಾರಿದ ಮೇಲೂ ಮನೆ ದುರಸ್ತಿಗೆ ದುಡ್ಡಿಲ್ಲ.

ಇತ್ತ ನ್ಯೂಯಾರ್ಕಿನಲ್ಲಿ ವಾಂಡರ್‌ಬಿಲ್ಟ್ ಕುಟುಂಬ. ಇವರ ಸಂಪತ್ತು ಬಂದದ್ದು ರೈಲಿನಿಂದ, ಅದೇ ಗೋಧಿ ಹೊತ್ತ ರೈಲುಗಳಿಂದ. ಇಂಗ್ಲೆಂಡಿನ ಜಮೀನ್ದಾರರನ್ನು ಬರಿಗೈ ಮಾಡಿದ ರೈಲಿನ ಲಾಭವೇ ಸುತ್ತಿ ಬಳಸಿ ಅವರ ಮನೆಗೆ ವರದಕ್ಷಿಣೆಯಾಗಿ ಹೋಯಿತು. ನಡುವೆ ಒಬ್ಬಳು ಹುಡುಗಿ. ಹೆಸರು ಕಾನ್ಸುಯೆಲೊ, ವಯಸ್ಸು 18.

ಅವಳಿಗೆ ಬೇರೆ ಹುಡುಗ ಇಷ್ಟವಾಗಿದ್ದ. ಗುಟ್ಟಾಗಿ ಮಾತೂ ಕೊಟ್ಟಿದ್ದಳು. ತಾಯಿ ಆಲ್ವಾಗೆ ಮಾರ್ಲ್‌ಬರೊ ಡ್ಯೂಕನೇ ಅಳಿಯನಾಗಬೇಕು. ಮಗಳನ್ನು ನ್ಯೂಪೋರ್ಟಿನ ತನ್ನ ಬಂಗಲೆ ಮಾರ್ಬಲ್ ಹೌಸಿನಲ್ಲಿ ಯಾರೂ ಭೇಟಿಯಾಗದಂತೆ ಇಟ್ಟಳು. ಆ ಹುಡುಗನನ್ನು ಗುಂಡಿಟ್ಟು ಕೊಲ್ಲುತ್ತೇನೆ ಅಂದಳು. ನಿನ್ನ ಹಟದಿಂದ ತಾಯಿಗೆ ಹೃದಯಾಘಾತವಾಗಿದೆ ಅಂತಲೂ ಮಗಳಿಗೆ ಹೇಳಿಸಿದರು. ಮಗಳು ಸೋತಳು. ಮದುವೆ 1895ರ ನವೆಂಬರ್ 6ರಂದು, ನ್ಯೂಯಾರ್ಕಿನ ಸೇಂಟ್ ಥಾಮಸ್ ಚರ್ಚಿನಲ್ಲಿ. ಅವತ್ತು ಬೆಳಗ್ಗೆ ಒಬ್ಬಳೇ ಕೂತು ಕಣ್ಣೀರು ಹಾಕಿದೆ, ಯಾರೂ ಒಳಗೆ ಬರದಂತೆ ಬಾಗಿಲಲ್ಲಿ ಆಳು ನಿಲ್ಲಿಸಿದ್ದರು ಅಂತ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದಳು.

ಈಗ ವರದಕ್ಷಿಣೆಯ ಕರಾರು ಕೇಳಿ. ಬೀಚ್ ಕ್ರೀಕ್ ರೈಲ್ವೆ ಕಂಪನಿಯ 50,000 ಷೇರು, ಬೆಲೆ 25 ಲಕ್ಷ ಡಾಲರ್. ವರ್ಷಕ್ಕೆ ಕನಿಷ್ಠ ನಾಲ್ಕು ಪರ್ಸೆಂಟ್ ಲಾಭಾಂಶಕ್ಕೆ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಖಾತರಿ. ಅಂದರೆ ವರ್ಷಕ್ಕೆ ಒಂದು ಲಕ್ಷ ಡಾಲರ್, ಡ್ಯೂಕ್ ಬದುಕಿರುವವರೆಗೆ. ಗಂಡ ಹೆಂಡತಿ ಹೇಗಿದ್ದಾರೆ, ಜೊತೆಗಿದ್ದಾರಾ ಇಲ್ಲವಾ, ದುಡ್ಡಿಗೆ ಅದರ ಗೊಡವೆ ಇಲ್ಲ.

ಹೇಗಿದ್ದರು ಅಂತ ಅವಳೇ ಬರೆದಿದ್ದಾಳೆ. ಬ್ಲೆನಿಮ್‌ನ ಊಟದ ಮೇಜು. ಡ್ಯೂಕ್ ತಟ್ಟೆ ತುಂಬ ಬಡಿಸಿಕೊಂಡು ಅದನ್ನು ಆಚೆ ತಳ್ಳುತ್ತಾನೆ. ಬೆರಳಿನ ಉಂಗುರ ತಿರುಗಿಸುತ್ತಾ ಯೋಚನೆಯಲ್ಲಿ ಮುಳುಗುತ್ತಾನೆ. ಇಬ್ಬರೂ ತುಟಿಪಿಟಕ್ ಅನ್ನುವುದಿಲ್ಲ. ಬೇಸರ ತಡೆಯಲಾರದೆ ಅವಳು ಊಟದ ಹೊತ್ತಿನಲ್ಲಿ ಉಲ್ಲನ್ ಹೆಣೆಯಲು ಶುರು ಮಾಡಿದಳು. ಬಡಿಸುವ ಬಟ್ಲರ್ ಹೊರಗೆ ಹಜಾರದಲ್ಲಿ ಪತ್ತೇದಾರಿ ಕಥೆ ಓದುತ್ತಾ ಕೂರುತ್ತಿದ್ದ. ಅರಮನೆಯ ಬದುಕು ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಈ ಊಟ.

ಅದೇ ಮನೆಯ ಇನ್ನೊಂದು ಸಂಗತಿ. ಮಧ್ಯಾಹ್ನದ ಊಟದಲ್ಲಿ ಉಳಿದದ್ದನ್ನು ಊರಿನ ಬಡವರಿಗೆ ಡಬ್ಬಿಗಳಲ್ಲಿ ಕಳಿಸುವ ಪದ್ಧತಿ ಇತ್ತು. ಮಾಂಸ, ತರಕಾರಿ, ಸಿಹಿ ಎಲ್ಲವನ್ನೂ ಒಂದೇ ಡಬ್ಬಿಗೆ ತುರುಕುತ್ತಿದ್ದರು. ಕಾನ್ಸುಯೆಲೊ ಅದನ್ನು ಬೇರೆ ಬೇರೆ ಮಾಡಿಸಿ ಕಳಿಸಿದಳು. ಸಣ್ಣ ಕೆಲಸ. ಆದರೆ ತಲೆಮಾರುಗಳಿಂದ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ ಅನ್ನುವುದು ಸಣ್ಣದಲ್ಲ.

ಇಷ್ಟು ತಿಳಿದ ಮೇಲೂ ಈ ಹುಡುಗಿಯರನ್ನು "ದುಡ್ಡು ಕೊಟ್ಟು ಪದವಿ ಕೊಂಡವರು" ಅಂತ ಆಡಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಂಡವರು ಯಾರು? ಬೆಲೆ ಮಾತಾಡಿದ್ದು ಅಪ್ಪಂದಿರು, ಅಳಿಯಂದಿರು, ಎರಡೂ ಕಡೆಯ ವಕೀಲರು. 1874ರಲ್ಲಿ ಅಮೆರಿಕದ ಜೆನ್ನಿ ಜೆರೋಮ್ ಅದೇ ಮಾರ್ಲ್‌ಬರೊ ಮನೆತನದ ಲಾರ್ಡ್ ರ‍್ಯಾಂಡಲ್ಫ್ ಚರ್ಚಿಲ್‌ನನ್ನು ಮದುವೆಯಾದದ್ದು ಪ್ರೀತಿಸಿಯೇ. ಅಲ್ಲೂ 50,000 ಪೌಂಡ್ ವರದಕ್ಷಿಣೆಯ ಮಾತುಕತೆ ಮುರಿದು ಬೀಳುವ ಹಂತಕ್ಕೆ ಹೋಯಿತು. ಯಾಕೆ ಗೊತ್ತಾ? ಆದಾಯದಲ್ಲಿ ಒಂದು ಪಾಲು ಮಗಳ ಕೈಗೇ ಬರಬೇಕು ಅಂತ ಜೆನ್ನಿಯ ಅಪ್ಪ ಹಿಡಿದ ಪಟ್ಟು ಗಂಡಿನ ಕಡೆಯವರಿಗೆ ಹಿಡಿಸಲಿಲ್ಲ. ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಅಂತ ಇಂಗ್ಲೆಂಡಿನ ಕಾನೂನು ಪೂರ್ತಿಯಾಗಿ ಒಪ್ಪಿದ್ದೇ 1882ರಲ್ಲಿ.

ನಮ್ಮ ಬೆಂಗಳೂರಿಗೂ ಈ ಕಥೆಯ ಒಂದು ಎಳೆ ಬರುತ್ತದೆ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ನಿಮಗೆ ಗೊತ್ತು. ಆ ಲೇಡಿ ಕರ್ಜನ್ ಅಂದರೆ ಶಿಕಾಗೋದ ಬಟ್ಟೆ ವ್ಯಾಪಾರಿ ಲೆವೈ ಲೈಟರ್ ಅವರ ಮಗಳು ಮೇರಿ ಲೈಟರ್. 1902ರಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟ ವೈಸ್‌ರಾಯ್ ಕರ್ಜನ್ ಆಕೆಯ ಗಂಡ. 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ಆಕೆ ಹಾಕಿದ ನವಿಲುಗರಿ ವಿನ್ಯಾಸದ ಗೌನು ಈಗಲೂ ಇಂಗ್ಲೆಂಡಿನ ಕೆಡಲ್‌ಸ್ಟನ್ ಹಾಲಿನಲ್ಲಿದೆ. ಎಲ್ಲರೂ ಅದನ್ನು ಹೊಲಿದ ಪ್ಯಾರಿಸ್ಸಿನ ವರ್ತ್ ಅಂಗಡಿಯ ಹೆಸರು ಹೇಳುತ್ತಾರೆ. ಅದರ ಜರ್ದೋಜಿ ಕಸೂತಿ ಮಾಡಿದ್ದು ನಮ್ಮ ದೇಶದ ಕುಶಲಿಗಳು. ಪ್ರತಿ ಗರಿಯ ಕಣ್ಣಿಗೂ ಒಂದು ಜೀರುಂಡೆಯ ಹಸಿರು ರೆಕ್ಕೆ ಕೂರಿಸಿದ್ದಾರೆ. ಅದನ್ನು ಕೂರಿಸಿದ ಕೈಗಳ ಹೆಸರು ನಮಗೆ ಗೊತ್ತಿಲ್ಲ.

ಮೇರಿ 1906ರಲ್ಲಿ, 36ನೇ ವಯಸ್ಸಿಗೇ ತೀರಿಕೊಂಡಳು. ಮೂವರು ಹೆಣ್ಣುಮಕ್ಕಳು. ಮುಂದೆ ದೊಡ್ಡವರಾದ ಮೇಲೆ ಐರೀನ್, ಸಿಂಥಿಯಾ ಇಬ್ಬರೂ ಲೈಟರ್ ಅಜ್ಜನ ದುಡ್ಡಿನಲ್ಲಿ ತಮ್ಮ ಪಾಲು ಕೇಳಿದರು. ಕರ್ಜನ್‌ಗೂ ಮಕ್ಕಳಿಗೂ ಮಾತೇ ಮುರಿದುಹೋಯಿತು. ತಾಯಿಯ ಕಡೆಯ ಹಣವನ್ನು ಮಗಳು ಕೇಳಿದರೆ ಮನೆ ಒಡೆಯಿತು ಅನ್ನುತ್ತಾರೆ. ಅಪ್ಪ ಅಷ್ಟು ವರ್ಷ ಅದನ್ನು ಬಳಸಿದಾಗ ಯಾರೂ ಏನೂ ಅನ್ನಲಿಲ್ಲ, ಅಲ್ವಾ?

ಆಲ್ವಾ ವಿಚಾರ ನನ್ನನ್ನು ಜಾಸ್ತಿ ಕಾಡುತ್ತದೆ. ಮಗಳನ್ನು ಕೂಡಿಹಾಕಿದ ಅದೇ ಮಾರ್ಬಲ್ ಹೌಸನ್ನು ಆಕೆ 1909ರಲ್ಲಿ ಹೆಂಗಸರ ಮತದಾನದ ಹಕ್ಕಿನ ಸಭೆಗೆ ತೆರೆದಳು. ತನ್ನ ಹಣ ಸುರಿದು ಹೋರಾಡಿದಳು. 1914ರಲ್ಲಿ ಅಲ್ಲಿ ನಡೆದ ಮಹಿಳೆಯರ ಸಮ್ಮೇಳನಕ್ಕೆ ಕಾನ್ಸುಯೆಲೊ ಕೂಡ ಬಂದಳು. ಮಗಳ ಮದುವೆಯನ್ನು ಅಸಿಂಧುಗೊಳಿಸುವ ಅರ್ಜಿ 1926ರಲ್ಲಿ ಚರ್ಚಿನ ನ್ಯಾಯಪೀಠದ ಮುಂದೆ ಬಂದಾಗ, ನಾನು ಕೇಳಿಕೊಳ್ಳಲಿಲ್ಲ, ಆಜ್ಞೆ ಮಾಡಿದೆ ಅಂತ ಆಲ್ವಾ ಒಪ್ಪಿಕೊಂಡಳು. ಮದುವೆ ಅಸಿಂಧುವಾಯಿತು. ಆ ಮಾತು ಹೇಳಿದ್ದಕ್ಕೆ ನಾನು ಆಕೆಯನ್ನು ಗೌರವಿಸುತ್ತೇನೆ. 1895ರಲ್ಲಿ ಮಾಡಿದ್ದನ್ನು ಮಾತ್ರ ಕ್ಷಮಿಸಲಾರೆ.

ಆ ದುಡ್ಡು ಬರದಿದ್ದರೆ ಬ್ಲೆನಿಮ್ ಹಾಳು ಬೀಳುತ್ತಿತ್ತು ಅನ್ನುವವರಿದ್ದಾರೆ. ಇರಬಹುದು. ಆ ಕಟ್ಟಡ ಉಳಿದದ್ದಕ್ಕೆ ನನಗೂ ಸಂತೋಷವೇ. ಆದರೆ ಅದನ್ನು ಉಳಿಸಲು ಒಬ್ಬ ಹುಡುಗಿಯ ಹರೆಯ ತೆರಬೇಕಿತ್ತು ಅಂದರೆ ಒಪ್ಪಲಾರೆ. 1906ರಲ್ಲಿ ಗಂಡನಿಂದ ಬೇರೆಯಾದ ಮೇಲೆ ಅವಳು ಸುಮ್ನೆ ಮನೆಯಲ್ಲಿ ಕೂರಲಿಲ್ಲ. ಗಂಡ ಜೈಲು ಸೇರಿ ದಿಕ್ಕು ಕಾಣದ ಹೆಂಗಸರಿಗೆ ಲಂಡನ್ನಿನಲ್ಲಿ ಒಂದು ಮನೆ ನಡೆಸಿದಳು. ಅಲ್ಲಿ ಹೊಲಿಗೆ, ಬಟ್ಟೆ ಒಗೆಯುವ ಕೆಲಸ ಕೊಟ್ಟು ಕೂಲಿ ಕೊಟ್ಟಳು. 1917ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಸದಸ್ಯೆಯಾದಳು. ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಇನ್ನೂ ವೋಟಿನ ಹಕ್ಕೇ ಬಂದಿರಲಿಲ್ಲ.

ಜೆನ್ನಿ ಚರ್ಚಿಲ್ ಬಗ್ಗೆ ಇವತ್ತು ಅರ್ಧವೇ ಹೇಳಿದ್ದೇನೆ. 1899ರಲ್ಲಿ ಲಂಡನ್ನಿನಲ್ಲಿದ್ದ ಅಮೆರಿಕದ ಹೆಂಗಸರ ಜೊತೆ ಸೇರಿ ಚಂದಾ ಎತ್ತಿ, ಬೋಯರ್ ಯುದ್ಧದ ಗಾಯಾಳುಗಳಿಗಾಗಿ "ಮೇನ್" ಅನ್ನುವ ಆಸ್ಪತ್ರೆ ಹಡಗು ಹೊರಡಿಸಿ, ತಾನೂ ಅದರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದಳು. ಮುಂದಿನ ಕಂತು ಪೂರ್ತಿ ಆ ಹಡಗಿನದೇ.