ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಂತರ್ಜಾಲದಲ್ಲಿ ಪ್ರಕಟಿಸುವುದಕ್ಕೆಂದೇ ಬರೆಯುವ ಚಿತ್ರಕಥೆಗೆ ವೆಬ್‌ಕಾಮಿಕ್ ಎನ್ನುತ್ತಾರೆ. ವಾರಕ್ಕೊಂದು ಕಂತು, ಕಂತಿಗೆ ನಾಲ್ಕು ಚೌಕ, ಚೌಕದೊಳಗೆ ಒಂದಿಬ್ಬರು ಮನುಷ್ಯರು, ಅವರ ತಲೆಯ ಮೇಲೊಂದು ಮಾತಿನ ಬಲೂನು. ನನ್ನ ಕೆಲಸ ಇಷ್ಟೇ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಒಂದು ಊರು, ಆ ಊರಿನ ಬಸ್ ನಿಲ್ದಾಣ, ಸೊಸೈಟಿ, ಅಡಿಕೆ ಒಣಗುವ ಅಂಗಳ, ಇವೇ ನನ್ನ ಕಥೆ ನಡೆಯುವ ಜಾಗಗಳು. ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಬೇಕೆಂದು ಬಾನುಲಿ ಕೇಂದ್ರದವರು ಕೇಳಿದ್ದಾರೆ. ಪ್ರಶ್ನೆಗಳು ಬೇರೆ ಬೇರೆಯಾಗಿವೆ. ಕೆಲವು ನನ್ನ ಕೆಲಸದ ಬಗ್ಗೆ, ಕೆಲವು ನನ್ನ ಸ್ವಂತ ಅಭಿಪ್ರಾಯಗಳ ಬಗ್ಗೆ. ಆದರೆ ಎಲ್ಲಕ್ಕೂ ನನ್ನಲ್ಲಿರುವ ಉತ್ತರ ಒಂದೇ ಆದ್ದರಿಂದ ಅದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು.

ಎಲ್ಲಕ್ಕಿಂತ ಹೆಚ್ಚು ಜನ ಕೇಳುವ ಪ್ರಶ್ನೆ ಇದು: "ನನಗೆ ಚಿತ್ರ ಬರೆಯಲು ಬರುವುದಿಲ್ಲ, ನಾನು ಕಾಮಿಕ್ ಮಾಡಬಹುದೇ?" ಖಂಡಿತ ಮಾಡಬಹುದು. ಅಮೆರಿಕದಲ್ಲಿ ರ್‍ಯಾಂಡಲ್ ಮನ್ರೋ ಎಂಬವರಿದ್ದಾರೆ. ಭೌತಶಾಸ್ತ್ರ ಓದಿ, ನಾಸಾ ಸಂಸ್ಥೆಯ ಒಂದು ಕೇಂದ್ರದಲ್ಲಿ ಕೆಲಸ ಮಾಡಿದವರು. 2005ರಿಂದ ಅವರು ಅಂತರ್ಜಾಲದಲ್ಲಿ ಕಾಮಿಕ್ ಪ್ರಕಟಿಸುತ್ತಿದ್ದಾರೆ. ಅವರ ಮನುಷ್ಯರೆಂದರೆ ಒಂದು ಸೊನ್ನೆ, ಐದು ಕಡ್ಡಿ. ಕಣ್ಣಿಲ್ಲ, ಮೂಗಿಲ್ಲ, ಬಾಯಿಯೂ ಇಲ್ಲ. ಹಾಗಿದ್ದರೂ ಇಬ್ಬರು ಎಷ್ಟು ದೂರ ನಿಂತಿದ್ದಾರೆ, ಯಾರು ಯಾರ ಕಡೆ ಬಾಗಿದ್ದಾರೆ, ಯಾರು ತಿರುಗಿ ಹೊರಟಿದ್ದಾರೆ ಎಂಬುದರಿಂದಲೇ ಅವರ ನಡುವೆ ಏನು ನಡೆಯುತ್ತಿದೆಯೆಂದು ಓದುವವರಿಗೆ ಗೊತ್ತಾಗುತ್ತದೆ. ಆದ್ದರಿಂದ ಮುಖ ಚೆನ್ನಾಗಿ ಬರೆಯಲು ಬಂದ ಮೇಲೆ ಶುರು ಮಾಡುತ್ತೇನೆ ಎಂದು ದಯವಿಟ್ಟು ಕಾಯಬೇಡಿ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಯಿರಿ.

ಎರಡನೆಯ ಪ್ರಶ್ನೆ ಯಾವ ತಂತ್ರಾಂಶ ಬಳಸುತ್ತೀರಿ ಎಂಬುದು. ಇದನ್ನು ಎರಡನೆಯದಾಗಿ ಕೇಳುವ ಅಭ್ಯಾಸವನ್ನೇ ಬಿಡಬೇಕೆಂದು ನನ್ನ ವಿನಂತಿ. ಕೃತಾ ಎಂಬ ಉಚಿತ ತಂತ್ರಾಂಶವಿದೆ, ಅದು ಯಾರಿಗೂ ಸಾಕು. ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ಮೊಬೈಲಿನಲ್ಲಿ ಫೋಟೋ ತೆಗೆದರೂ ಸಾಕು. ನೋಡಬೇಕಾದ್ದು ಒಂದೇ: ಆ ತಂತ್ರಾಂಶದಲ್ಲಿ 'ಸ್ತ್ರೀ' ಎಂದೂ 'ಸೂರ್ಯ' ಎಂದೂ ಟೈಪು ಮಾಡಿ. ಒತ್ತಕ್ಷರ ಅಕ್ಷರದ ಅಡಿಯಲ್ಲಿ ಕೂತು, ಅರ್ಕಾವತ್ತು ತನ್ನ ಜಾಗಕ್ಕೆ ಬಂದರೆ ಸರಿ. ಚೆಲ್ಲಾಪಿಲ್ಲಿಯಾದರೆ ಅದಕ್ಕೆ ಕನ್ನಡ ಬರುವುದಿಲ್ಲವೆಂದು ತಿಳಿದು ಅಕ್ಷರಗಳನ್ನು ಕೈಯಲ್ಲೇ ಬರೆಯಿರಿ. ನಾನು ಯಾವಾಗಲೂ ಕೈಯಲ್ಲೇ ಬರೆಯುತ್ತೇನೆ.

ತಂತ್ರಾಂಶಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಕನ್ನಡದಲ್ಲಿ ಬಲೂನು ತುಂಬಿಸುವುದು ಕಷ್ಟದ ಕೆಲಸ. ನಮ್ಮ ಪದಗಳು ಉದ್ದವಾದವು. ವಿಭಕ್ತಿ, ಕಾಲ, ಗೌರವ, ಸಂಶಯ, ಪ್ರಶ್ನೆ ಎಲ್ಲವೂ ಒಂದೇ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. 'ಹೋಗಿಬಿಟ್ಟಿದ್ದಾರಂತಲ್ಲ' ಎಂಬ ಒಂದೇ ಪದ ಸಣ್ಣ ಚೌಕದ ಅರ್ಧ ಅಗಲವನ್ನು ತಿಂದುಹಾಕುತ್ತದೆ. ನಡುವೆ ಮುರಿದು ಎರಡು ಸಾಲು ಮಾಡಿದರೆ ಓದುವವರು ಎಡವುತ್ತಾರೆ. ಮೇಲಾಗಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮತ್ತು ಏತ್ವಗಳು ಮೇಲೆ ಏರುತ್ತವೆ. ಸಾಲುಗಳನ್ನು ಹತ್ತಿರ ಹತ್ತಿರ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಮೊಬೈಲಿನಲ್ಲಿ ಎರಡೂ ಸೇರಿ ಒಂದು ಕಪ್ಪು ಚುಕ್ಕೆಯಾಗಿ ಕಾಣುತ್ತವೆ. ಆದ್ದರಿಂದ ಸಾಲಿನ ನಡುವೆ ಜಾಗ ಬಿಡಲೇಬೇಕು; ಜಾಗ ಬಿಟ್ಟರೆ ಬಲೂನು ದೊಡ್ಡದಾಗುತ್ತದೆ; ಬಲೂನು ದೊಡ್ಡದಾದರೆ ಚಿತ್ರಕ್ಕೆ ಜಾಗವೇ ಉಳಿಯುವುದಿಲ್ಲ.

ಇದಕ್ಕೆ ಮದ್ದು, ಮಾತನ್ನು ಕಡಿಮೆ ಮಾಡುವುದೊಂದೇ. ಒಂದು ಉದಾಹರಣೆ ಕೊಡುತ್ತೇನೆ. ಬಸ್ಸು ತಪ್ಪಿಸಿಕೊಂಡ ಮನುಷ್ಯನ ಚಿತ್ರ ಬರೆಯಬೇಕಾಗಿದೆ ಎಂದುಕೊಳ್ಳಿ. ಬಹಳ ಮಂದಿ ಅವನ ಬಾಯಲ್ಲಿ ಹೀಗೆ ಹೇಳಿಸುತ್ತಾರೆ: "ಅಯ್ಯೋ, ಬಸ್ಸು ಹೊರಟುಹೋಯಿತಲ್ಲ, ಇನ್ನು ನಾನು ಎರಡು ಗಂಟೆ ಇಲ್ಲೇ ಕಾಯಬೇಕು!" ಬಸ್ಸಿನ ಹಿಂಭಾಗ ಚಿತ್ರದಲ್ಲಿದೆ. ಎದ್ದ ಧೂಳಿದೆ. ಅವನು ಎರಡೂ ಕೈಯ ಚೀಲಗಳನ್ನು ನೆಲಕ್ಕಿಳಿಸುತ್ತಿದ್ದಾನೆ. ಬಸ್ಸು ಹೋಯಿತೆಂದು ಮತ್ತೆ ಯಾರಿಗೆ ಹೇಳಬೇಕು? ಪಕ್ಕದ ಗೂಡಂಗಡಿಯವನ ಕಡೆ ತಿರುಗಿ ಅವನು "ಮುಂದಿನದು ಎಷ್ಟಕ್ಕೆ?" ಎಂದರೆ ಸಾಕು. ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು ಎಂದರೆ ಇದೇ.

ಇನ್ನು ಅಭಿಪ್ರಾಯದ ಪ್ರಶ್ನೆಗಳು. "ನಿಮ್ಮ ಪಕ್ಷ ಯಾವುದು? ನಿಮ್ಮ ನಿಲುವೇನು? ಎಲ್ಲವನ್ನೂ ಸೂಚ್ಯವಾಗಿ ಬಿಟ್ಟು ಜಾರಿಕೊಳ್ಳುತ್ತೀರಲ್ಲ?" ಎಂದು ಕೇಳುವವರಿದ್ದಾರೆ. ನಾನು ಜಾರಿಕೊಳ್ಳುವುದಿಲ್ಲ. ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ, ಪ್ರತಿ ಚುನಾವಣೆಯಲ್ಲೂ ಓಟು ಹಾಕುತ್ತೇನೆ, ಯಾರಾದರೂ ಎದುರು ಕೂತು ಕೇಳಿದರೆ ಬಾಯಿಬಿಟ್ಟು ಹೇಳುತ್ತೇನೆ. ಆದರೆ ನನ್ನ ಕಥೆಯ ಮನುಷ್ಯರ ಬಾಯಿಗೆ ನನ್ನ ಭಾಷಣವನ್ನು ತುರುಕುವುದಿಲ್ಲ. ಯಾಕೆಂದು ತಿಳಿಯಬೇಕಾದರೆ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನ್ಯಾಯಬೆಲೆ ಅಂಗಡಿಯ ಬಗ್ಗೆ ಒಂದು ಕಂತು ಬರೆದಿದ್ದೆ. ಪಡಿತರ ಕೊಡುವ ಮೊದಲು ಯಂತ್ರದ ಮೇಲೆ ಬೆರಳಿಟ್ಟು ಗುರುತು ಕೊಡಬೇಕೆಂಬುದು ನಿಮಗೆಲ್ಲ ಗೊತ್ತಿರುವುದೇ. ಮೊದಲ ಚೌಕದಲ್ಲಿ ಸರದಿ ಸಾಲು, ಸಾಲಿನ ಮುಂದೆ ಒಬ್ಬ ಮುದುಕಿ. ಎರಡನೆಯದರಲ್ಲಿ ಅವಳು ಯಂತ್ರದ ಮೇಲೆ ಹೆಬ್ಬೆರಳಿಡುತ್ತಾಳೆ. ಅಂಗಡಿಯವನು "ಸೆರಗಲ್ಲಿ ಒರೆಸಿಕೊಂಡು ಮತ್ತೆ ಇಡಿ ಅಮ್ಮ" ಎನ್ನುತ್ತಾನೆ. ಮೂರನೆಯದರಲ್ಲಿ ಒರೆಸಿಕೊಂಡು ಮತ್ತೆ ಇಡುತ್ತಾಳೆ. ಅವಳ ಹಿಂದಿನವರು ಸಾಲಿನಿಂದ ತಲೆ ಹೊರಗೆ ಹಾಕಿ ನೋಡುತ್ತಾರೆ. ನಾಲ್ಕನೆಯ ಚೌಕದಲ್ಲಿ ಮುಖವಿಲ್ಲ, ಅಂಗಡಿಯಿಲ್ಲ, ಅವಳ ಹೆಬ್ಬೆರಳು ಮಾತ್ರ ಚೌಕದ ತುಂಬ ಇದೆ. ವರ್ಷಗಟ್ಟಲೆ ಅಡಿಕೆ ಸುಲಿದು ಗೆರೆಗಳು ಸವೆದು ನುಣುಪಾದ ತುದಿ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಅಡಿಕೆಯ ಕಪ್ಪು ಕಲೆ, ಗೆಣ್ಣಿನ ಹತ್ತಿರ ಮೆಟ್ಟುಗತ್ತಿ ತಾಗಿದ ಹಳೆಯ ಗಾಯದ ಗುರುತು. ಆ ಚೌಕದಲ್ಲಿ ಒಂದು ಅಕ್ಷರವೂ ಇರಲಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಅದನ್ನು ಓದಿ ದೀರ್ಘವಾಗಿ ಬರೆದರು. ಕೊನೆಯ ಚೌಕದಲ್ಲಿ ನಿಮ್ಮ ಅಭಿಪ್ರಾಯ ಬರಲೇಬೇಕಿತ್ತು, ಬರೆಯದೆ ಬಿಟ್ಟಿದ್ದು ಅಳುಕು ಎಂದು ಅವರ ಆಕ್ಷೇಪ. ಬರೆಯಬೇಕಾಗಿದ್ದ ವಾಕ್ಯವನ್ನೂ ಅವರೇ ರಚಿಸಿ ಕಳುಹಿಸಿದ್ದರು: "ಜೀವಮಾನವಿಡೀ ಹೆಬ್ಬೆಟ್ಟು ಒತ್ತಿ ಬದುಕಿದವಳಿಗೆ ಈಗ ಆ ಹೆಬ್ಬೆಟ್ಟೂ ಇಲ್ಲವಾಯಿತು." ತುಂಬಾ ಒಳ್ಳೆಯ ವಾಕ್ಯ. ಅದರಲ್ಲಿರುವ ಅಭಿಪ್ರಾಯ ನನ್ನದೂ ಹೌದು. ಅವರ ಮೇಲಿನ ಗೌರವದಿಂದ ನಾನು ಕಂತಿನ ಎರಡು ಪ್ರತಿಗಳನ್ನು ಮುದ್ರಿಸಿದೆ. ಒಂದರಲ್ಲಿ ಆ ವಾಕ್ಯವಿತ್ತು, ಇನ್ನೊಂದರಲ್ಲಿ ಬರಿಯ ಬೆರಳು. ಕೊಯ್ಲಿನ ಕಾಲವಾದ್ದರಿಂದ ಪಕ್ಕದ ಮನೆಯ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯಲು ಹೆಂಗಸರು ಸೇರಿದ್ದರು. ಎರಡನ್ನೂ ಅಲ್ಲಿಗೆ ತೆಗೆದುಕೊಂಡು ಹೋದೆ.

ವಾಕ್ಯವಿದ್ದ ಪ್ರತಿಯನ್ನು ಮೊದಲು ಕೊಟ್ಟೆ. ಓದು ಬಲ್ಲ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು. "ಹೌದು ನೋಡಿ, ಸರಿಯಾಗಿ ಬರೆದಿದ್ದೀರಿ" ಎಂದರು. ಕಾಗದ ಕೈಯಿಂದ ಕೈಗೆ ದಾಟಿ ಹಿಂದಕ್ಕೆ ಬಂತು, ಸುಲಿಯುವ ಕೆಲಸ ಒಂದು ಗಳಿಗೆಯೂ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನು ಕೊಟ್ಟೆ. ಮೂಲೆಯಲ್ಲಿ ಕೂತಿದ್ದ ಹಿರಿಯ ಅಕ್ಕನೊಬ್ಬರು ಕೊನೆಯ ಚೌಕವನ್ನು ದೀಪದ ಹತ್ತಿರ ಹಿಡಿದರು. ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಹಾಕಿ, ತಮ್ಮ ಹೆಬ್ಬೆರಳನ್ನು ಕಾಗದದ ಬೆರಳಿನ ಪಕ್ಕ ಇಟ್ಟು ನೋಡಿದರು. "ಇದು ಯಾರ ಕೈ ಮಾರಾಯ್ರೆ?" ಎಂದು ನನ್ನನ್ನು ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು ಬೆರಳಿಟ್ಟು ನೋಡಿದರು. ನಿಂಬೆಹಣ್ಣು ತಿಕ್ಕಿಕೊಂಡು ಬಾ ಎಂದು ಅಂಗಡಿಯಲ್ಲಿ ಹೇಳಿದ್ದನ್ನು ಒಬ್ಬರು ನೆನೆದರು. ಅಂಗಡಿಯವನದಾದರೂ ಏನು ತಪ್ಪು, ಯಂತ್ರ ಒಪ್ಪದೆ ಅವನೂ ಅಕ್ಕಿ ಅಳೆಯುವಂತಿಲ್ಲ ಎಂದು ಇನ್ನೊಬ್ಬರು ವಾದಿಸಿದರು. ಕೂಲಿ ಬಿಟ್ಟು ಮತ್ತೆ ಮತ್ತೆ ಹೋಗಿಬಂದ ಕಥೆ ಮತ್ತೊಬ್ಬರದು; ಬೆರಳಿನ ಬದಲು ಮೊಬೈಲಿಗೆ ಬರುವ ಸಂಖ್ಯೆ ಹೇಳಿದರೂ ಆಗುತ್ತದಂತೆ, ಆದರೆ ಮೊಬೈಲು ಮಗನ ಹತ್ತಿರ ಶಿವಮೊಗ್ಗದಲ್ಲಿದೆ ಎಂದು ಇನ್ನೂ ಒಬ್ಬರು. ರಾಶಿ ಮುಗಿಯುವವರೆಗೂ ಅದೇ ಮಾತು.

ಆ ವಾಕ್ಯ ಇದ್ದಾಗ ನನ್ನ ಅಭಿಪ್ರಾಯವನ್ನು ಕೇಳಿಸಿಕೊಂಡು ತಲೆಯಾಡಿಸಿದರು, ವಾಕ್ಯ ಇಲ್ಲದಾಗ ಅವರವರ ಅಭಿಪ್ರಾಯ ಹೊರಗೆ ಬಂತು. ಅಂಗಡಿಯವನ ಪರವಾದ ವಾದವೂ ಬಂತು. ಅದು ನನಗೆ ಹೊಳೆದೇ ಇರಲಿಲ್ಲ, ಮುಂದೆ ಅದೇ ಇನ್ನೊಂದು ಕಂತಾಯಿತು. ಮುಖ್ಯೋಪಾಧ್ಯಾಯರಿಗೆ ಇದನ್ನೆಲ್ಲ ಬರೆದು ತಿಳಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ. ಅವರು ಒಪ್ಪದಿದ್ದರೂ ನನ್ನ ಮಾತು ಅದೇ: ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು, ಅದು ಎಷ್ಟೇ ಒಳ್ಳೆಯ ಮಾತಾಗಿರಲಿ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರು ಎಳೆಯ ವಯಸ್ಸಿನಲ್ಲಿ, 'ರಾಶಿ' ಎಂದೇ ಹೆಸರಾದ ಲೇಖಕ ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು. ಮುಂದೆ ಅವರು ಟೈಮ್ಸ್ ಆಫ್ ಇಂಡಿಯಾದಲ್ಲಿ ದಶಕಗಳ ಕಾಲ ಬರೆದ ಆ ಚೌಕಳಿ ಕೋಟಿನ, ಪಂಚೆಯ ಸಾಮಾನ್ಯ ಮನುಷ್ಯನನ್ನು ನೆನಪಿಸಿಕೊಳ್ಳಿ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಆ ಮನುಷ್ಯನ ಹೆಂಡತಿಯೂ ಮಾತಾಡುತ್ತಾಳೆ. ಅವನು ಮಾತ್ರ ಬಾಯಿ ಬಿಡುವುದಿಲ್ಲ. ಅವನ ಹುಬ್ಬು ಎಲ್ಲಿದೆಯೆಂದು ನೋಡಿದರೆ ಲಕ್ಷ್ಮಣರ ಅಭಿಪ್ರಾಯ ಗೊತ್ತಾಗುತ್ತದೆ. ಬೆಂಗಳೂರಿಗೆ ಹೋಗುವವರು ಟ್ರಿನಿಟಿ ವೃತ್ತದ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ವ್ಯಂಗ್ಯಚಿತ್ರಗಳ ಗ್ಯಾಲರಿಗೆ ಒಮ್ಮೆ ಹೋಗಿಬನ್ನಿ. ದೊಡ್ಡವರು ಯಾವುದನ್ನು ಬರೆಯದೆ ಬಿಟ್ಟಿದ್ದಾರೆ ಎಂಬುದನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ನನಗಿರುವ ಸಮಯ ಕಡಿಮೆಯಾಗುತ್ತಿದೆ, ಉಳಿದ ಪ್ರಶ್ನೆಗಳಿಗೆ ಚುಟುಕಾಗಿ ಉತ್ತರಿಸುತ್ತೇನೆ.

ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದ್ದಾರೆ. ಅಂತರ್ಜಾಲದಲ್ಲಿ ಬರೆದದ್ದು ಯಾರಿಗಾದರೂ ಕಿರಿಕಿರಿಯಾಯಿತೆಂದು ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿದೆ. ಚಿತ್ರ ಬರೆಯುವವರೆಲ್ಲ ಆ ತೀರ್ಪನ್ನು ತಿಳಿದಿರಬೇಕು. ನನ್ನದೊಂದು ಕಟ್ಟುಪಾಡಿದೆ: ಯಾರದೇ ಜಾತಿ, ದೇಹ, ಮಾತಾಡುವ ರೀತಿಯನ್ನು ನಗೆಗೆ ಬಳಸುವುದಿಲ್ಲ. ಇದರಲ್ಲಿ ರಾಜಿಯಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸುತ್ತೀರಾ? ಇಲ್ಲ. ಆ ಯಂತ್ರ ಚೌಕದ ಪ್ರತಿ ಮೂಲೆಯನ್ನೂ ತುಂಬಿಕೊಡುತ್ತದೆ, ನನಗೆ ಬೇಕಾಗಿರುವುದು ಖಾಲಿ ಜಾಗ.

ಇದರಿಂದ ಹೊಟ್ಟೆ ತುಂಬುತ್ತದೆಯೇ? ಕಂತುಗಳಿಂದ ತುಂಬುವುದಿಲ್ಲ. ಪುಸ್ತಕಗಳಿಗೆ, ಕರಪತ್ರಗಳಿಗೆ ಚಿತ್ರ ಬರೆದುಕೊಟ್ಟು ನಾನು ಬದುಕುತ್ತೇನೆ. ಕೆಲವು ಓದುಗರು ತಿಂಗಳಿಗಿಷ್ಟು ಎಂದು ಕಳುಹಿಸುತ್ತಾರೆ, ಅವರಿಗೆ ಋಣಿ. ಇರುವ ಕೆಲಸ ಬಿಟ್ಟು ಯಾರೂ ಇದಕ್ಕೆ ಇಳಿಯಬೇಡಿ.

ಕೊನೆಯದು, ಒಬ್ಬ ಶಿಕ್ಷಕಿಯ ಪ್ರಶ್ನೆ: ಮಕ್ಕಳಿಗೆ ತರಗತಿಯಲ್ಲಿ ಇದನ್ನು ಹೇಗೆ ಕಲಿಸುವುದು? ಒಂದು ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ಬಿಡಿಸಿದರೆ ನಾಲ್ಕು ಚೌಕಗಳಾಗುತ್ತವೆ. ಬೆಳಿಗ್ಗೆ ಮನೆಯಿಂದ ಶಾಲೆಗೆ ಬರುವಾಗ ನಡೆದದ್ದನ್ನು ಆ ನಾಲ್ಕರಲ್ಲಿ ಮಾತಿಲ್ಲದೆ ಬರೆಯಲು ಹೇಳಿ. ಬರೆದಾದ ಮೇಲೆ ಹಾಳೆಗಳನ್ನು ಪಕ್ಕದವರಿಗೆ ಕೊಡಿಸಿ, ಏನು ನಡೆಯಿತೆಂದು ಅವರಿಂದ ಹೇಳಿಸಿ. ಪಕ್ಕದ ಮಗುವಿಗೆ ಎಲ್ಲಿ ಅರ್ಥವಾಗಲಿಲ್ಲವೋ ಆ ಚೌಕದಲ್ಲಿ ಮಾತ್ರ ಒಂದು ಬಲೂನು ಹಾಕಲು ಬಿಡಿ, ಅದರಲ್ಲಿ ಮೂರು ಪದಗಳಿಗಿಂತ ಹೆಚ್ಚು ಬೇಡ. ಮಕ್ಕಳು ಮಾಡಿದ ಹಾಳೆಗಳನ್ನು ಈ ಕೇಂದ್ರದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸಿದರೆ, ಪ್ರತಿಯೊಂದನ್ನೂ ನೋಡಿ ಉತ್ತರ ಬರೆಯುತ್ತೇನೆ.

ನಮಸ್ಕಾರ.