ಆಬ್ಲಿಕ್ ಡ್ರಾಯಿಂಗ್: ಎರಡು 45 ಡಿಗ್ರಿಗಳ ಗೊಂದಲ

[ಪರದೆ: ಮೇಜಿನ ಮೇಲೆ ಕಬ್ಬಿಣದ ಬುಷ್, ಪಕ್ಕದಲ್ಲಿ ಡ್ರಾಯಿಂಗ್ ಹಾಳೆ]

ನಮಸ್ಕಾರ. ಪುಣೆಯಲ್ಲಿ ಐಟಿಐ, ಡಿಪ್ಲೊಮಾ ಓದುತ್ತಿರುವ, ಭೋಸರಿ ಕಡೆ ವರ್ಕ್‌ಶಾಪ್‌ಗಳಲ್ಲಿ ಅಪ್ರೆಂಟಿಸ್ ಆಗಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಈ ವಿಡಿಯೋ. ಕ್ಲಾಸಿನಲ್ಲಿ ಮರಾಠಿ, ಇಂಗ್ಲಿಷ್ ಬೆರೆಸಿ ಹೇಳಿದ್ದು ತಲೆಗೆ ಹತ್ತಿಲ್ಲ ಅಂದ್ರೆ ಆಬ್ಲಿಕ್ ಡ್ರಾಯಿಂಗ್ ಅನ್ನು, ಅಂದರೆ ಆಳವನ್ನು ಓರೆ ಗೆರೆಯಲ್ಲಿ ತೋರಿಸುವ ಚಿತ್ರವನ್ನು, ಇಲ್ಲಿ ಕನ್ನಡದಲ್ಲಿ ನೋಡೋಣ.

ಇದು ಬುಷ್, ಅಂದರೆ ನಡುವೆ ತೂತಿರುವ ದುಂಡು ಕೊಳವೆ. ಇದರ ಹೊರ ವ್ಯಾಸ 80 ಮಿ.ಮೀ., ತೂತು 40, ಉದ್ದ 60. ಐಸೊಮೆಟ್ರಿಕ್‌ನಲ್ಲಿ, ಅಂದರೆ ಮೂರೂ ಮುಖಗಳನ್ನು ಹಾಳೆಗೆ ಸಮನಾಗಿ ಓರೆ ಇಟ್ಟು ಬರೆಯಲು ಹೋದರೆ, ದುಂಡು ಮುಖ ಎಲಿಪ್ಸ್ (ಅಂಡಾಕಾರ) ಆಗುತ್ತದೆ. ಅದನ್ನು ಕಂಪಾಸ್‌ನಲ್ಲಿ ಎಳೆಯಲು ನಾಲ್ಕು ಸೆಂಟರ್ ಹುಡುಕುತ್ತಾ ಕೂರಬೇಕು. ಆಬ್ಲಿಕ್‌ನಲ್ಲಿ ಆ ತಾಪತ್ರಯ ಇಲ್ಲ. ಮುಂದಿನ ಮುಖ ಹಾಳೆಗೆ ಸಮಾನಾಂತರ, ಹಾಗಾಗಿ ವೃತ್ತ ವೃತ್ತವಾಗಿಯೇ ಉಳಿಯುತ್ತದೆ. ಆಳ ಮಾತ್ರ ಓರೆಯಾಗಿ ಹಿಂದಕ್ಕೆ ಹೋಗುತ್ತದೆ.

ಎಷ್ಟು ಓರೆ? ಸಾಮಾನ್ಯವಾಗಿ ಅಡ್ಡ ಗೆರೆಗೆ 30, 45 ಅಥವಾ 60 ಡಿಗ್ರಿ, ಸೆಟ್‌ಸ್ಕ್ವೇರ್‌ನಲ್ಲಿ ಸಿಗುವ ಕೋನಗಳೇ. ಎಷ್ಟು ಉದ್ದ? ಪೂರ್ತಿ ಅಳತೆ ಹಾಕಿದರೆ ಕ್ಯಾವಲಿಯರ್, ಅರ್ಧ ಹಾಕಿದರೆ ಕ್ಯಾಬಿನೆಟ್.

ಜಾಸ್ತಿ ಜನ ಎಡವುವುದು ಇಲ್ಲೇ. 'ಕ್ಯಾವಲಿಯರ್‌ಗೆ 45 ಡಿಗ್ರಿ' ಅಂತ ಓದಿ, ಹಾಳೆ ಮೇಲಿನ ಓರೆ ಗೆರೆಯೇ ಆ 45 ಅಂದುಕೊಳ್ಳುತ್ತಾರೆ. ಅವು ಬೇರೆ ಬೇರೆ ಕೋನಗಳು.

[ಪರದೆ: ಬಿಸಿಲು ಬಿದ್ದ ಗೋಡೆ, ಅದರಲ್ಲೊಂದು ಮೊಳೆ, ಮೊಳೆಯ ನೆರಳು]

ಗೋಡೆಗೆ ನೇರವಾಗಿ ಹೊಡೆದ ಮೊಳೆ 10 ಸೆಂ.ಮೀ. ಹೊರಗಿದೆ ಅಂತಿಟ್ಟುಕೊಳ್ಳಿ. ಗೋಡೆಯೇ ನಮ್ಮ ಹಾಳೆ. ಬಿಸಿಲಿನ ಕಿರಣಗಳೇ ಪ್ರೊಜೆಕ್ಟರ್ ಗೆರೆಗಳು, ಅಂದರೆ ವಸ್ತುವಿನಿಂದ ಹಾಳೆಗೆ ಬಂದು ತಾಗುವ ಕಾಲ್ಪನಿಕ ಗೆರೆಗಳು. ಕಿರಣ ಗೋಡೆಗೆ 45 ಡಿಗ್ರಿಯಲ್ಲಿ ಬಡಿದರೆ ನೆರಳೂ 10 ಸೆಂ.ಮೀ., ಅದೇ ಕ್ಯಾವಲಿಯರ್. ಇನ್ನಷ್ಟು ನೇರವಾಗಿ, ಸುಮಾರು 63.4 ಡಿಗ್ರಿಯಲ್ಲಿ ಬಡಿದರೆ ನೆರಳು 5 ಸೆಂ.ಮೀ., ಅದು ಕ್ಯಾಬಿನೆಟ್. ಪೂರ್ತಿ 90 ಆಯಿತೋ, ನೆರಳು ಚಾಚುವುದೇ ಇಲ್ಲ. ಅದು ನಿಮಗೆ ಗೊತ್ತಿರುವ ಫ್ರಂಟ್ ವ್ಯೂ. ಇನ್ನು ನೆರಳು ಯಾವ ದಿಕ್ಕಿಗೆ ವಾಲಿದೆ? ಹಾಳೆ ಮೇಲಿನ 30, 45, 60 ಹೇಳುವುದು ಅಷ್ಟನ್ನೇ.

[ಪರದೆ: ಹಾಳೆ, ಕಂಪಾಸ್]

ಬುಷ್‌ಗೆ ಬರೋಣ. ಕ್ಯಾಬಿನೆಟ್ ತಗೊಳ್ಳೋಣ. ಕ್ಯಾವಲಿಯರ್‌ನಲ್ಲಿ ಕ್ಯೂಬ್ ಕೂಡ ಉದ್ದ ಪೆಟ್ಟಿಗೆ ಥರ ಕಾಣುತ್ತದೆ, ನನಗಂತೂ ಇಷ್ಟ ಇಲ್ಲ. ಮೊದಲು 40 ಮತ್ತು 20 ಮಿ.ಮೀ. ತ್ರಿಜ್ಯದ ಎರಡು ವೃತ್ತ. ಸೆಂಟರಿನಿಂದ 45 ಡಿಗ್ರಿಗೆ ಗೆರೆ ಎಳೆದು 30 ಮಿ.ಮೀ. ದೂರದಲ್ಲಿ ಗುರುತು. ಅಲ್ಲಿಂದ ಅದೇ ಎರಡು ವೃತ್ತ ಮತ್ತೆ, ಕಾಣುವ ಭಾಗ ಮಾತ್ರ. ತೂತಿನೊಳಗೆ ಹಿಂದಿನ ಅಂಚು ಸ್ವಲ್ಪ ಇಣುಕುತ್ತದೆ, ಅದನ್ನು ಬಿಡಬೇಡಿ. ಹೊರಗಿನ ಎರಡು ವೃತ್ತಗಳಿಗೂ ತಾಗುವಂತೆ ಎರಡು ಗೆರೆ. ಮುಗೀತು.

ಉದ್ದದ ಶಾಫ್ಟ್ ಬಂದರೆ? ಉದ್ದದ ಭಾಗ ಹಾಳೆಗೆ ಸಮಾನಾಂತರ ಇರಲಿ ಅನ್ನುವುದು ರೂಢಿ. ಆದರೆ ವೃತ್ತ ಇದ್ದಲ್ಲಿ ವೃತ್ತಕ್ಕೇ ಮೊದಲ ಮಣೆ.

ಇನ್ನೊಂದು. ಓರೆ ಗೆರೆಯ ಉದ್ದ 30 ಮಿ.ಮೀ. ಇದ್ದರೂ ಡೈಮೆನ್ಷನ್ 60 ಅಂತಲೇ ಬರೆಯಿರಿ. ಇಲ್ಲದಿದ್ದರೆ ಲೇತ್ ಮುಂದೆ ನಿಂತವರು ನಿಮ್ಮ ಗೆರೆಗೆ ಸ್ಕೇಲ್ ಹಿಡಿದು ಬುಷ್ ಅನ್ನು ಅರ್ಧಕ್ಕೇ ಕತ್ತರಿಸುತ್ತಾರೆ.