ಕಿಟಕಿ ಮೂಲೆಯ ಕುಂಬಾರ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಗೋಣಿಕೊಪ್ಪದ ಸುತ್ತಮುತ್ತಲಿಂದ ಇಷ್ಟು ಜನ ಮಕ್ಕಳನ್ನು ಕರೆದುಕೊಂಡು ಬಂದಿದ್ದೀರಿ. ಸಂತೋಷ.

ಮೊದಲು ಮಕ್ಕಳಿಗೇ ಒಂದು ಪ್ರಶ್ನೆ. ಕಣಜ ಅಂದರೇನು? ನೋಡಿ, ಎಲ್ಲರೂ ಒಟ್ಟಿಗೆ 'ಕಚ್ಚುತ್ತೆ!' ಅಂದರು. ಹಿಂದೆ ಕೂತವಳೊಬ್ಬಳು ಮಾತ್ರ 'ಭತ್ತ ತುಂಬೋದು' ಅಂದಳು. ಅವಳ ಮನೆಯಲ್ಲಿ ಅಜ್ಜಿ ಇರಬೇಕು.

ಇವತ್ತು ನಾನು ಹೇಳಬೇಕೆಂದಿರುವ ಹುಳಕ್ಕೆ ಆ ಎರಡನೇ ಅರ್ಥವೂ ಒಪ್ಪುತ್ತದೆ. ನಿಮ್ಮ ಮನೆಯ ಕಿಟಕಿ ಮೂಲೆಯಲ್ಲಿ, ಸ್ವಿಚ್ ಬೋರ್ಡ್ ಪಕ್ಕದಲ್ಲಿ ಮಣ್ಣಿನ ಗೂಡು ನೋಡಿರುತ್ತೀರಿ ಅಲ್ವಾ? ಅದು ಕುಂಬಾರ ಹುಳದ ಕೆಲಸ. ಇವು ಕೂಡ ಕಣಜಗಳೇ. ಕೆಲವು ಜಾತಿಗಳು ಪುಟ್ಟ ಮಡಕೆಯನ್ನೇ ಮಾಡುತ್ತವೆ, ಕಂಠ ಸಮೇತ. ತಾಯಿ ಒಬ್ಬಳೇ ಒದ್ದೆ ಮಣ್ಣಿನ ಉಂಡೆ ಹೊತ್ತು ತರುತ್ತಾಳೆ. ಮಡಕೆಯ ಒಳಗೆ ಒಂದು ಮೊಟ್ಟೆಯನ್ನು ಸಣ್ಣ ದಾರಕ್ಕೆ ತೂಗುಹಾಕುತ್ತಾಳೆ. ಆಮೇಲೆ ಹಸಿರು ಕಂಬಳಿಹುಳುಗಳನ್ನು ಚುಚ್ಚಿ ತಂದು ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಾಳೆ. ಹುಳು ಸತ್ತಿರುವುದಿಲ್ಲ, ಅಲುಗಾಡಲಾರದು ಅಷ್ಟೇ. ಸತ್ತರೆ ಕೊಳೆತುಹೋಗುತ್ತೆ ನೋಡಿ. ಮೊಟ್ಟೆಯೊಡೆದ ಮರಿಗೆ ತಾಜಾ ಊಟ ಸಿಗಬೇಕು. ಇನ್ನೊಂದು ಜಾತಿ ಹುಳು ತರುವುದಿಲ್ಲ, ಬರೀ ಜೇಡ ತುಂಬಿಡುತ್ತದೆ.

ನಮ್ಮ ಹಿರಿಯರು ಇದನ್ನು ಚೆನ್ನಾಗಿ ಗಮನಿಸಿದ್ದರು. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ರೆಕ್ಕೆಯ ಜೀವ. ತಾಯಿ ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ಹುಳುವನ್ನು ತನ್ನಂತೆಯೇ ಮಾಡಿಕೊಂಡಿತು ಅಂದುಕೊಂಡರು. ಕೀಟ ಭ್ರಮರ ನ್ಯಾಯ ಅನ್ನುವ ಮಾತು ಅಲ್ಲಿಂದ ಬಂತು. ಗುರು ಶಿಷ್ಯನ ಬಗ್ಗೆ ಹೇಳಲು ಬಹಳ ಚಂದದ ಹೋಲಿಕೆ. ಆದರೆ ಹುಳುವಿನ ಕಡೆಯಿಂದ ನೋಡಿದರೆ ಕಥೆಯೇ ಬೇರೆ!

ಈಗ ಕುಟುಕುವ ವಿಷಯ. ಚಿಕ್ಕಂದಿನಲ್ಲಿ ನಾನು ಕೊಟ್ಟಿಗೆ ಸೂರಿನಲ್ಲಿದ್ದ ಗೂಡಿಗೆ ಕಲ್ಲು ಹೊಡೆದು ಓಡಿದ್ದೆ. ಕುಟುಕಿಸಿಕೊಂಡದ್ದು ನಾನಲ್ಲ, ಸೌದೆ ತರಲು ಹೋದ ಚಿಕ್ಕಮ್ಮ. ಅವರ ಕೆನ್ನೆ ಊದಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಣ್ಣು ಕಣಜ ಮಾತ್ರ ಚುಚ್ಚಬಲ್ಲದು. ಮೊಟ್ಟೆಯಿಡುವ ಅಂಗವೇ ಅದಕ್ಕೆ ಮುಳ್ಳಾಗಿದೆ. ಜೇನಿನ ಮುಳ್ಳು ನಮ್ಮ ಚರ್ಮದಲ್ಲೇ ಉಳಿಯುತ್ತದೆ. ಕಣಜದ್ದು ಹಾಗಲ್ಲ, ಮತ್ತೆ ಮತ್ತೆ ಚುಚ್ಚುತ್ತದೆ. ಆದ್ದರಿಂದ ಮಕ್ಕಳೇ, ಗುಂಪಿನ ಗೂಡು ಕಂಡರೆ ದೂರ ನಿಲ್ಲಿ, ಕೈ ಬೀಸಬೇಡಿ. ದೊಡ್ಡವರಿಗೆ ಒಂದು ಮಾತು: ಕುಟುಕಿದ ಮೇಲೆ ಉಸಿರಾಟಕ್ಕೆ ಕಷ್ಟವಾದರೆ, ತುಟಿ ನಾಲಿಗೆ ಊದಿದರೆ, ಸುಣ್ಣ ಹಚ್ಚುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಗುಂಪಿನ ಗೂಡನ್ನು ಹತ್ತಿರದಿಂದಲೇ ನೋಡಿದವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಅವರು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಒಂದೊಂದಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಹಿಡಿದರು. ಅಲ್ಲಿನ ರಾಣಿ ಬಲು ಸಾಧು, ಯಾರನ್ನೂ ಗದರಿಸುವುದಿಲ್ಲ. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬಳು ಕೆಲಸಗಾರ್ತಿ ಎಲ್ಲರ ಮೇಲೂ ಎಗರಾಡಲು ಶುರುಮಾಡುತ್ತಾಳೆ. ರಾಣಿ ವಾಪಸ್ ಬರದಿದ್ದರೆ ಅವಳೇ ಮುಂದಿನ ರಾಣಿ. ಪಟ್ಟ ಗಟ್ಟಿಯಾದ ಮೇಲೆ ಅವಳೂ ಸಾಧುವಾಗುತ್ತಾಳೆ. ನಮ್ಮ ಚುನಾವಣೆಗಳಲ್ಲಿ ಈ ಕೊನೆಯ ಭಾಗ ಯಾಕೋ ಕಾಣುವುದಿಲ್ಲ.

ತೋಟದವರಿಗೆ ಇನ್ನೊಂದು ಕಣಜದ ಪರಿಚಯ ಬೇಕು. 1990ರಲ್ಲಿ ಗೂಡಲೂರಿನ ಕಡೆ ಕಾಣಿಸಿಕೊಂಡ ಕಾಯಿಕೊರಕ, ಅಂದರೆ ಕಾಫಿ ಕಾಯಿ ಕೊರೆಯುವ ಹುಳ, ಆಮೇಲೆ ನಮ್ಮ ಕೊಡಗಿಗೂ ಬಂತು. ಔಷಧಿ ಹೊಡೆದರೆ ಕಾಯಿಯ ಒಳಗೆ ಕೂತ ಹುಳಕ್ಕೆ ತಗಲುವುದು ಕಷ್ಟ. ಆಗ ಮೆಕ್ಸಿಕೊದಿಂದ ಸೆಫಲೋನೋಮಿಯಾ ಎಂಬ ಚುಕ್ಕೆಯಷ್ಟು ಕಣಜವನ್ನು ತರಿಸಿ, ಸಾಕಿ, ತೋಟಗಳಿಗೆ ಬಿಟ್ಟರು. ಅದು ಕೊರಕ ಕೊರೆದ ತೂತಿನಿಂದಲೇ ಒಳಗೆ ನುಗ್ಗಿ, ಅದರ ಮರಿಗಳ ಮೇಲೆ ಮೊಟ್ಟೆಯಿಡುತ್ತದೆ. ಇದರಿಂದಲೇ ಕೊರಕ ಮುಗಿದುಹೋಯಿತು ಅಂತ ನಾನು ಹೇಳುವುದಿಲ್ಲ. ಗಿಡದಲ್ಲಿ, ನೆಲದಲ್ಲಿ ಕಾಯಿ ಉಳಿಸದೆ ಕೊಯ್ಯುವ ಕೆಲಸ ಯಾರಿಗೂ ತಪ್ಪಿಲ್ಲ. ನಿಜವಾಗಿ ಕಣಜ ಗೆದ್ದದ್ದು ಪಪ್ಪಾಯದಲ್ಲಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಬಿಳಿ ಹಿಟ್ಟುತಿಗಣೆ ಪಪ್ಪಾಯ, ಹಿಪ್ಪುನೇರಳೆ ಎಲ್ಲವನ್ನೂ ಹಾಳುಮಾಡುತ್ತಿತ್ತು. 2010ರಲ್ಲಿ ಪೋರ್ಟೊ ರಿಕೊದಿಂದ ಬಂದ ಒಂದು ಪುಟ್ಟ ಕಣಜ ಅದನ್ನು ಹತೋಟಿಗೆ ತಂದಿತು.

ಇನ್ನು ಈ ಮೇಜಿನ ಮೇಲಿನ ಬುಟ್ಟಿ. ಇವು ನಮ್ಮ ತೋಟದ ನೆರಳಿನ ಮರದ ಅತ್ತಿಕಾಯಿ, ಇನ್ನೇನು ಹಣ್ಣಾಗಬೇಕು. ಬಿಚ್ಚಿದರೆ ಹುಳ ಅಂತ ಎಲ್ಲರೂ ಮುಖ ಸಿಂಡರಿಸುತ್ತಾರೆ. ಆ ಹುಳವೂ ಒಂದು ಕಣಜವೇ. ಅತ್ತಿಯ ಹೂವೆಲ್ಲಾ ಕಾಯಿಯ ಒಳಗೇ ಇರುತ್ತದೆ. ಹೆಣ್ಣು ಕಣಜ ಸಣ್ಣ ಬಾಯಿಯಿಂದ ನುಸುಳುವಾಗ ಸಾಮಾನ್ಯವಾಗಿ ರೆಕ್ಕೆ ಕಳೆದುಕೊಳ್ಳುತ್ತದೆ. ಒಳಗೆ ಪರಾಗ ಹಂಚಿ, ಮೊಟ್ಟೆಯಿಟ್ಟು, ಅಲ್ಲೇ ಸಾಯುತ್ತದೆ. ಅದರ ಗಂಡುಮರಿಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳಿಗಾಗಿ ಹೊರದಾರಿ ಕೊರೆಯುತ್ತವೆ. ಈ ಹುಳವಿಲ್ಲದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ. ಹಣ್ಣಿಲ್ಲದಿದ್ದರೆ ಮಂಗಟ್ಟೆ ಹಕ್ಕಿ ನಮ್ಮ ತೋಟಕ್ಕೆ ಯಾಕೆ ಬರುತ್ತದೆ?

ಮಕ್ಕಳು ಒಬ್ಬೊಬ್ಬರಾಗಿ ಬನ್ನಿ. ಕೊಯ್ಯುವುದು ನಾನು, ಭೂತಗನ್ನಡಿ ನಿಮ್ಮ ಕೈಗೆ. ಆ ಹಿಂದೆ ಕೂತವಳೇ, ಭತ್ತದ ಕಣಜ ಅಂದೆಯಲ್ಲ, ಮೊದಲು ನೀನು ಬಾ.